ಕಾಲು ಸೋಕದ ಬೆಟ್ಟ

ರಾಜ್ಯ ಅರಣ್ಯ ಉದ್ಯಾನವನ್ನು ಸಾರ್ವಜನಿಕರ ಉಪಯೋಗಕ್ಕಾಗಿಯೇ ಸ್ಥಾಪಿಸಲಾಗಿದ್ದು, ಅದೇ ಕಾರಣಕ್ಕಾಗಿ ಅದನ್ನು ಸಾರ್ವಜನಿಕರು ಕಾಲಿಡದಂತೆ ಕಟ್ಟುನಿಟ್ಟಾಗಿ ಕಾಪಾಡಲಾಗುತ್ತಿದೆ. ಈ ವಿಷಯ ಊರಿಗೆಲ್ಲ ಗೊತ್ತಿತ್ತು, ಟೈಲರ್ ಒಬ್ಬನಿಗೆ ಗೊತ್ತಿರಲಿಲ್ಲ. ಮಷಿನ್ ಮುಂದೆ ತಲೆ ಬಗ್ಗಿಸಿ ಕೂತವನಿಗೆ ಲೋಕದ ಸುದ್ದಿ ತಲುಪುವುದು ಸ್ವಲ್ಪ ನಿಧಾನ, ಪಾಪ.

ಅವನ ತಾಯಿ ಅಡುಗೆಮನೆ ಕಿಟಕಿಯಿಂದ ಆ ಉದ್ಯಾನದ ಬೆಟ್ಟವನ್ನು ನೋಡಿಕೊಂಡೇ ಮುದುಕಿಯಾದವಳು. ಒಲೆ ಮೇಲೆ ಹಾಲು ಉಕ್ಕಿದರೂ ಅವಳ ಕಣ್ಣು ಬೆಟ್ಟದ ಮೇಲೇ. ಒಂದೇ ಒಂದು ಸಲ ಅದರ ನೆತ್ತಿ ಹತ್ತಿ, ಅಲ್ಲಿಂದ ತನ್ನ ಕಿಟಕಿ ಹೇಗೆ ಕಾಣುತ್ತದೆ ಅಂತ ನೋಡಬೇಕು, ಅವಳ ಆಸೆ ಅಷ್ಟೇ. ಮಂಡಿಗಳು ಕೈಕೊಡತೊಡಗಿದ್ದವು. ಈ ವರ್ಷ ಬಿಟ್ಟರೆ ಇನ್ನಿಲ್ಲ ಎಂದು ಡಾಕ್ಟರೂ ಹೇಳಿಬಿಟ್ಟಿದ್ದರು. ಸರಿ, ಟೈಲರ್ ಛತ್ರಿ ಬಟ್ಟೆ ತಂದು ತಾನೇ ಒಂದು ಟೆಂಟ್ ಹೊಲಿದ. ಅಂಗಡಿಗೆ ಬೀಗ ಜಡಿದು, ತಾಯಿ, ಹೆಂಡತಿ, ಮಗಳನ್ನು ಹೊರಡಿಸಿಕೊಂಡು ಉದ್ಯಾನದ ಬಾಗಿಲಿಗೆ ಬಂದ.

ವನಪಾಲಕರು ಬಹಳ ಮರ್ಯಾದೆಯಿಂದ ಬರಮಾಡಿಕೊಂಡು ಕಚೇರಿಯೊಳಗೆ ಕರೆದೊಯ್ದರು. ‘ಅತಿ ಕಡಿಮೆ ತುಳಿದ ಉದ್ಯಾನ’ ಎಂಬ ಪ್ರಶಸ್ತಿ ವರ್ಷವರ್ಷವೂ ತಮಗೇ ಬರುತ್ತಿದೆಯೆಂದೂ, ಅದನ್ನು ಉಳಿಸಿಕೊಳ್ಳುವ ಸಲುವಾಗಿ ಚಾರಣ ಮತ್ತು ಶಿಬಿರದ ಸಕಲ ವ್ಯವಸ್ಥೆಯನ್ನೂ ಕಚೇರಿಯೊಳಗೇ ಮಾಡಲಾಗಿದೆಯೆಂದೂ ವಿವರಿಸಿದರು. ಟೆಂಟನ್ನು ಬೀರುಗಳ ನಡುವೆ ಹಾಕಬಹುದು. ಚಳಿ ಕಾಯಿಸುವವರಿಗೆ ಟೇಬಲ್ ಲ್ಯಾಂಪಿಗೆ ಕೆಂಪು ಕಾಗದ ಸುತ್ತಿ ಇಡಲಾಗಿದೆ. ಫ್ಯಾನಿನ ಮೇಲೆ ಪಾರಿವಾಳ ಗೂಡು ಕಟ್ಟಿರುವುದರಿಂದ ಪಕ್ಷಿವೀಕ್ಷಣೆಗೂ ಕೊರತೆಯಿಲ್ಲ. ಚಾರಣಕ್ಕೆ ತಾರಸಿಯ ಮೆಟ್ಟಿಲಿದೆ.

“ನೀವಾದ್ರೂ ಬೆಟ್ಟ ಹತ್ತಿದ್ದೀರಾ ಸಾರ್?” ಎಂದು ಕೇಳಿದ ಟೈಲರ್.

“ನಿಯಮದಲ್ಲಿ ಅವಕಾಶ ಇಲ್ಲಪ್ಪ. ನಾನು ಕಾಯೋನು, ತುಳಿಯೋನಲ್ಲ,” ಎಂದರು ವನಪಾಲಕರು.

ಟೈಲರನಿಗೆ ಸಿಟ್ಟು ನೆತ್ತಿಗೇರಿತು. ಆದರೆ ತಾಯಿ ಅಷ್ಟರಲ್ಲಾಗಲೇ ಮೊಮ್ಮಗಳ ಕೈ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು. ಗುಮಾಸ್ತರು ಕೆಲಸ ಬಿಟ್ಟು ಎದ್ದು ನಿಂತು, ಮುಂದೆ ತಿರುವು ಇದೆ, ಹುಷಾರು ಎಂದು ಎಚ್ಚರಿಸಿದರು. ತಿರುವಿನಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು, ಅದಕ್ಕೆ ‘ಜಲಪಾತ’ ಎಂದು ಬೋರ್ಡು ಹಾಕಿದ್ದರು. ಏದುಸಿರು ಬಿಡುತ್ತ ಮುದುಕಿ ತಾರಸಿ ತಲುಪಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎದುರಿಗೆ ಬೆಟ್ಟ, ಕಿಟಕಿಯಲ್ಲಿ ಕಾಣುವುದಕ್ಕಿಂತ ಒಂಚೂರು ದೊಡ್ಡದಾಗಿ ನಿಂತಿತ್ತು. ಅವಳು ಕಣ್ತುಂಬ ನೋಡಿದಳು. ಅಷ್ಟು ಹೊತ್ತು ನೋಡಿದ್ದೇ ತಪ್ಪಾಯಿತು.

ವನಪಾಲಕರು ಗಂಟಲು ಸರಿಮಾಡಿಕೊಂಡರು. ತುಳಿತದಂತೆಯೇ ನೋಟದಿಂದಲೂ ಬೆಟ್ಟ ಸವೆಯುವ ಸಂಭವವಿದೆ ಎಂಬುದು ಇಲಾಖೆಗೆ ಇತ್ತೀಚೆಗೆ ಮನವರಿಕೆಯಾಗಿದೆ ಎಂದು ತಿಳಿಸಿದರು. ಕೆಳಗಿಳಿದು ಬಂದವರೇ ಟೆಂಟಿನ ಹೊಲಿಗೆಯನ್ನು ಬೆರಳಿಂದ ಸವರಿ, ಎಳೆದು ನೋಡಿ, ಇದನ್ನೇ ಇನ್ನಷ್ಟು ದೊಡ್ಡದಾಗಿ ಹೊಲಿದರೆ ಬೆಟ್ಟಕ್ಕೆ ಹೊದಿಕೆ ಆಗುತ್ತದಲ್ಲವೇ ಎಂದು ಕೇಳಿದರು.

ಈ ಮಾತಿಗೆ ಯಾರಾದರೂ ನಗಬೇಕು, ಇಲ್ಲ ಜಗಳಕ್ಕೆ ನಿಲ್ಲಬೇಕು. ಆದರೆ ಟೈಲರ್ ಕಸುಬಿನವನು. ಬಟ್ಟೆ ಹೊಲಿಯಬೇಕು ಅಂತ ಯಾರೇ ಅಂದರೂ ಅವನ ಬಾಯಿಂದ ತಂತಾನೇ ಬರುವುದು ಒಂದೇ ಮಾತು.

“ಸ್ವಲ್ಪ ಲೂಸ್ ಇರ್ಲಾ ಸಾರ್, ಟೈಟಾ?”

ಮರಗಳು ಬೆಳೆಯುವುದರಿಂದ ಲೂಸ್ ಇರಲಿ ಎಂದು ಅಲ್ಲೇ ತೀರ್ಮಾನವಾಯಿತು. ತುಳಿಯುವಂತಿಲ್ಲವಾದ್ದರಿಂದ ಮತ್ತೆ ತಾರಸಿ ಹತ್ತಿ, ಅಲ್ಲಿ ನಿಂತೇ ಕಣ್ಣಳತೆಯಲ್ಲಿ ಅಳತೆ ತೆಗೆಯಲಾಯಿತು.

ಈಗ ಟೈಲರನ ಮನೆ ತುಂಬ ಹಸಿರು ಬಟ್ಟೆ. ಹೆಂಡತಿ ಕತ್ತರಿಸುತ್ತಾಳೆ, ಮಗಳು ಅಂಚು ಮಡಿಸುತ್ತಾಳೆ, ತಾಯಿ ಕಿಟಕಿಯ ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಾಳೆ. ಹೊಲಿದಷ್ಟನ್ನು ಇಲಾಖೆಯವರು ಕ್ರೇನು ತಂದು ಹೊದಿಸುತ್ತಾರೆ. ಪಾದದಿಂದ ಭುಜದವರೆಗೆ ಬೆಟ್ಟ ಮುಚ್ಚಿಯಾಗಿದೆ. ಈ ಸಲವೂ ಪ್ರಶಸ್ತಿ ನಮಗೇ ಎಂದು ಊರವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆ. ನೆತ್ತಿಯೊಂದು ಬಾಕಿ.

“ನೆತ್ತಿ ಹತ್ರ ಗುಂಡಿ ತೂರೋವಷ್ಟು ಒಂದೇ ಒಂದು ಕಾಜ ಬಿಡಪ್ಪಾ, ನಮ್ಮ ಕಿಟಕಿ ಕಡೆಗೆ,” ಎಂದಳು ತಾಯಿ.

ಟೈಲರ್ ಮಷಿನ್ ನಿಲ್ಲಿಸಿದ, ತಲೆ ಮಾತ್ರ ಎತ್ತಲಿಲ್ಲ.

“ಅಳತೇಲಿ ಇಲ್ಲಮ್ಮ.”

“ಅಳತೇಲಿ ಇಲ್ಲ ಅಂದ್ರೆ ಬೇಡ ಬಿಡು,” ಎಂದು ಅವಳು ಇನ್ನೊಂದು ಸೂಜಿಗೆ ದಾರ ಪೋಣಿಸಿ ಅವನ ಕೈಗಿಟ್ಟಳು.