ಕಜ್ಜಿಯೂ ನನ್ನ ಭೂತಗನ್ನಡಿಯೂ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಹಳೆಯ ದೂರು. ಅದನ್ನು ಮತ್ತೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಆದರೆ ನನ್ನ ಕೈಗೆ ಬೆಲೆಯಿತ್ತು. ಶಾಲೆಯ ಜಗಲಿಯನ್ನು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಎನ್ನಬಹುದಾದ ನಾನು, ಕೆಟ್ಟು ನಿಂತ ಗಡಿಯಾರಗಳ ಹೊಟ್ಟೆ ಬಗೆದು ಬಗೆದು, ಯಾವ ಗುರುವಿನ ಹಂಗೂ ಇಲ್ಲದೆ ವಿದ್ಯೆ ಕಲಿತವನು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದ ತುದಿಯಲ್ಲಿ ಹಿಡಿದು ಅದರ ಮನೆಯಲ್ಲಿ ಕೂರಿಸುವ ಕೈ ಇದು. ಈಗ ಅಂಗಡಿ ಬಿಟ್ಟು ಮನೆಯ ಕಿಟಕಿಯ ಪಕ್ಕದಲ್ಲೇ ಮೇಜು ಹಾಕಿಕೊಂಡಿದ್ದರೂ ಊರಿನ ಹಟಮಾರಿ ಗಡಿಯಾರಗಳೆಲ್ಲ ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಇಂಥ ಕೈಯನ್ನು ನನ್ನ ಮನೆಯವರೇ ಎರಡು ಬಟ್ಟೆಚೀಲದೊಳಗೆ ತುರುಕಿ, ದಾರ ಬಿಗಿದು ಕೂರಿಸಿದರು ಎಂದರೆ ನೀವು ನಂಬುವಿರಾ? ನಂಬಬೇಕು. ಕೇಳಿ.

ಮೊದಲು ಕೆರೆದುಕೊಂಡವಳು ಮೊಮ್ಮಗಳು ಚೂಟಿ. (ಇಟ್ಟ ಹೆಸರು ಬೇರೆ ಇದೆ, ಅವಳು ಓಗೊಡುವುದು ಇದಕ್ಕೆ ಮಾತ್ರ.) ಶಾಲೆಯಿಂದ ಬಂದವಳು ಚೀಲ ಎಸೆದು, ಬೆರಳ ಸಂದಿಗಳನ್ನು ಪರಪರ ಕೆರೆಯುತ್ತಾ ಕೂತಳು. ಸೊಳ್ಳೆ ಎಂದಳು ನನ್ನ ಹೆಂಡತಿ. ಹೊಸ ಸೋಪು ಎಂದಳು ಸೊಸೆ. ಉಷ್ಣ ಎಂದೆ ನಾನು. ನಮ್ಮ ನಮ್ಮ ವಾದವನ್ನು ನಾವು ಬಿಟ್ಟುಕೊಡುವಷ್ಟರಲ್ಲಿ ಸೊಸೆಗೂ ತುರಿಕೆ, ಮಗನಿಗೂ ತುರಿಕೆ. ಮಗ ಶಾಲೆಯ ಮೇಷ್ಟ್ರು. ಮಕ್ಕಳೆದುರು ಬೆನ್ನು ಕೆರೆದುಕೊಳ್ಳುವುದು ಹೇಗೆ? ಪಾಠ ಹೇಳುತ್ತಾ ಹೇಳುತ್ತಾ ಮೆಲ್ಲಗೆ ಕರಿಹಲಗೆಗೆ ಒರಗಿ ಅತ್ತಿತ್ತ ಉಜ್ಜಿಕೊಳ್ಳುತ್ತಿದ್ದನಂತೆ. ಸಂಜೆ ಮನೆಗೆ ಬಂದಾಗ ಅವನ ಅಂಗಿಯ ಬೆನ್ನ ಮೇಲೆ ಇಡೀ ಭಾಗಾಕಾರದ ಲೆಕ್ಕ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡಿರುತ್ತಿತ್ತು.

ಕೊನೆಗೆ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಚೂಟಿಯ ಬೆರಳುಗಳನ್ನು ಅಗಲಿಸಿ ನೋಡಿ, "ಕಜ್ಜಿ" ಎಂದರು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಚರ್ಮದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದಂತೆ. "ಮನೇಲಿರೋ ಎಲ್ಲರೂ ಒಂದೇ ದಿನ ಈ ಮುಲಾಮು ಹಚ್ಚಬೇಕು. ಕತ್ತಿನಿಂದ ಅಂಗಾಲಿನವರೆಗೆ, ಒಂದಿಂಚೂ ಬಿಡಬಾರದು. ತುರಿಕೆ ಇದ್ದೋರು, ಇಲ್ಲದೋರು ಅಂತೇನಿಲ್ಲ. ಬೆಳಿಗ್ಗೆ ತೊಳ್ಕೊಳ್ಳಿ. ವಾರ ಬಿಟ್ಟು ಇನ್ನೊಂದ್ಸಲ. ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೀರಿ" ಎಂದರು.

ಇಷ್ಟೇ ಆಗಿದ್ದರೆ ಕಜ್ಜಿಯ ಕಥೆ ಕಜ್ಜಿಯ ಜೊತೆಗೇ ಮುಗಿಯುತ್ತಿತ್ತು. ಆದರೆ ಆ ವಾರವೇ ನನ್ನ ಮಗಳು ತನ್ನ ಚೊಚ್ಚಲ ಕೂಸನ್ನು ಎತ್ತಿಕೊಂಡು ಬರುವವಳಿದ್ದಳು. ಆ ಕೂಸನ್ನು ನಾನು ಫೋನಿನ ಗಾಜಿನೊಳಗೆ ಬಿಟ್ಟರೆ ಕಂಡಿರಲಿಲ್ಲ. ಎತ್ತಿಕೊಳ್ಳುವಾಗ ಚುಚ್ಚದಿರಲೆಂದು ಉಗುರುಗಳನ್ನು ಮೊದಲೇ ನುಣ್ಣಗೆ ಉಜ್ಜಿಟ್ಟುಕೊಂಡಿದ್ದೆ. ಸುದ್ದಿ ತಿಳಿದದ್ದೇ ಮಗಳು ಫೋನು ಮಾಡಿದಳು.

"ಅಪ್ಪಾ, ಬೇಜಾರು ಮಾಡ್ಕೋಬೇಡ. ಮನೇಲಿ ಕೊನೇ ತುರಿಕೆ ನಿಲ್ಲೋವರೆಗೂ ನಾನು ಪಾಪೂನ ಕರ್ಕೊಂಡು ಬರಲ್ಲ."

"ಬರಬೇಡ ಮಗಳೇ. ನಾನಿದ್ದೀನಿ. ಆ ಹುಳುವಿನ ವಂಶ ನಿರ್ವಂಶ ಮಾಡ್ತೀನಿ, ಆಮೇಲೆ ಬಾ" ಎಂದೆ.

"ನೀನಿದ್ದೀಯ ಅಂತಾನೇ ನನಗೆ ಸ್ವಲ್ಪ ಭಯ" ಎಂದು ಫೋನಿಟ್ಟಳು. (ತಾಯಿಯ ನಾಲಿಗೆ ಮಗಳಿಗೆ ಹಾಗೇ ಇಳಿದಿದೆ.)

ಅಂದೇ ಮಹಾದಂಡಯಾತ್ರೆ ಆರಂಭವಾಯಿತು. ದಂಡನಾಯಕ ನಾನು. ಬಚ್ಚಲಿನ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಮನೆಯಲ್ಲಿ ನೂಲು ಎಂಬುದು ಎಲ್ಲೆಲ್ಲಿದೆಯೋ ಅದನ್ನೆಲ್ಲ ಮುಳುಗಿಸಿದೆ. ಹೊದಿಕೆ, ದಿಂಬಿನ ಚೀಲ, ಪರದೆ, ಕಾಲೊರಸು, ಸೊಸೆ ಆಫೀಸಿಗೆ ಹಾಕಿಕೊಂಡು ಹೋಗುವ ಉಣ್ಣೆಯ ಸ್ವೆಟರು. ಕೋಲಿನಿಂದ ತಿರುವಿ ಮೇಲೆತ್ತಿದಾಗ ಸ್ವೆಟರು ಚೂಟಿಯ ಗೊಂಬೆಗೆ ಹೇಳಿ ಹೊಲಿಸಿದಂತಾಗಿತ್ತು.

ಸೊಸೆ ಅದನ್ನು ಎರಡು ಬೆರಳಲ್ಲಿ ಹಿಡಿದು ನಿಂತಳು. "ಮಾವಾ, ಇದು ನಾನು ಹಾಕ್ಕೊಳ್ಳೋದು."

"ಹುಳ ಸತ್ತಿತಲ್ಲಮ್ಮಾ."

"ಹುಳ ಸತ್ತಿರುತ್ತೆ ಬಿಡಿ ಮಾವ, ಇಷ್ಟರೊಳಗೆ ಅದಕ್ಕೆ ಉಸಿರಾಡಕ್ಕೆ ಜಾಗ ಎಲ್ಲಿದೆ!"

ಸಂಜೆ ಎಲ್ಲರೂ ಮುಲಾಮು ಬಳಿದುಕೊಂಡೆವು. ಬಾಗಿಲು ಹಾಕಿ, ಒಬ್ಬೊಬ್ಬರೇ, ಕತ್ತಿನಿಂದ ಅಂಗಾಲಿನವರೆಗೆ. ನಾನು ಎಲ್ಲರಿಗಿಂತ ದಪ್ಪವಾಗಿ ಬಳಿದುಕೊಂಡೆ. ಬೆನ್ನಿಗೆ ಕೈ ಎಟುಕದೆ, ಗಡಿಯಾರಕ್ಕೆ ಎಣ್ಣೆ ಬಿಡುವ ಜಾಣತನದಲ್ಲಿ ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತಿ ಬಳಿದೆ. ಯಾರೂ ಬೆರಳು ತೋರಿಸದ ಹಾಗೆ, ಅಚ್ಚುಕಟ್ಟು ಕೆಲಸ.

ಕೆಲವು ದಿನ ಮನೆ ಶಾಂತವಾಯಿತು. ಆಮೇಲೆ, ದಿನಾ ನನ್ನ ಕೈ ಹಿಡಿದೇ ಶಾಲೆಗೆ ಹೋಗಿಬರುವ ಚೂಟಿ ಮತ್ತೆ ಕೆರೆಯತೊಡಗಿದಳು. ಎರಡನೇ ಸಲ ಹಚ್ಚಿದೆವು. ಶಾಂತಿ. ಮತ್ತೆ ಮಗ ಕರಿಹಲಗೆಗೆ ಒರಗಿದ. ಡಾಕ್ಟರಮ್ಮ ಹೊಸದಾಗಿ ಮುಲಾಮು ಬರೆದುಕೊಟ್ಟರು. ಅಲ್ಲಿಗೆ ನನಗೆ ಖಾತ್ರಿಯಾಯಿತು: ನಮ್ಮ ಮನೆಯಲ್ಲಿ ಯಾರೋ ಒಬ್ಬರು ಒಳಗಿನಿಂದ ಶತ್ರುವಿಗೆ ಅನ್ನ ಹಾಕುತ್ತಿದ್ದಾರೆ. ಆ ದ್ರೋಹಿಯನ್ನು ಹಿಡಿಯಬೇಕು.

ಹಿಡಿಯಲು ಆಯುಧ ನನ್ನಲ್ಲೇ ಇತ್ತು. ಗಡಿಯಾರದ ಕೆಲಸಕ್ಕೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ! ಅದರಲ್ಲಿ ನೋಡಿದರೆ ಇರುವೆ ಎಮ್ಮೆಯಾಗುತ್ತದೆ. ಅಂದಿನಿಂದ ಪ್ರತಿದಿನ ಸಂಜೆ ಕಿಟಕಿಯ ಪಕ್ಕದ ನನ್ನ ಮೇಜಿನ ಮುಂದೆ ತಪಾಸಣೆ ಏರ್ಪಟ್ಟಿತು. ಒಬ್ಬೊಬ್ಬರೂ ಬಂದು ಎದುರಿನ ಸ್ಟೂಲಿನ ಮೇಲೆ ಕೂರಬೇಕು. ನಾನು ಅವರ ಅಂಗೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡು, ನನ್ನ ಬೆರಳುಗಳನ್ನು ಅವರ ಬೆರಳ ಸಂದಿಗೆ ತೂರಿಸಿ, ಅಗಲಿಸಿ, ದೀಪ ಹಿಡಿದು ನೋಡುತ್ತಿದ್ದೆ. ನೋಡುತ್ತಾ ನಾಲ್ಕು ಒಳ್ಳೆಯ ಮಾತನ್ನೂ ಹೇಳುತ್ತಿದ್ದೆ. ಕೈ ಸಿಕ್ಕಿಸಿಕೊಂಡು ಕೂತವರು ಎದ್ದು ಹೋಗುವಂತಿರಲಿಲ್ಲವಲ್ಲ. ಅಂಥ ಶ್ರೋತೃಗಳು ನನಗೆ ಆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ನೈರ್ಮಲ್ಯದಿಂದ ಹೊರಟ ಮಾತು ಶಿಸ್ತಿಗೆ ಬಂದು, ಅಲ್ಲಿಂದ ನನ್ನ ಬಾಲ್ಯಕ್ಕೆ ಹೋಗಿ, ಗೋಪುರದ ಗಡಿಯಾರವನ್ನು ನಾನೊಬ್ಬನೇ ರಿಪೇರಿ ಮಾಡಿದ ಪ್ರಸಂಗಕ್ಕೆ ಮುಟ್ಟುವ ಹೊತ್ತಿಗೆ ಊಟಕ್ಕೆ ಕರೆ ಬರುತ್ತಿತ್ತು. ಆಗ ಹಿಡಿದ ಕೈಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟು ತೀರ್ಪು ಕೊಡುತ್ತಿದ್ದೆ: "ಎಡಗೈ ಪಾಸು. ಬಲಗೈ ನಾಳೆ."

"ತಾತಾ, ಗೋಪುರದ ಗಡಿಯಾರ ನಿನ್ನೇನೇ ರಿಪೇರಿ ಆಯ್ತಲ್ಲ, ಇವತ್ತು ಮತ್ತೆ ಕೆಟ್ಟಿತಾ?" ಎಂದಳು ಚೂಟಿ.

"ಅಪ್ಪಾ, ನನ್ನ ಕೈ ಮರಗಟ್ಟಿ ಹೋಯ್ತು" ಎಂದ ಮಗ.

ಇದಕ್ಕೆಲ್ಲ ಬಾಗದವಳು ಒಬ್ಬಳೇ. ನನ್ನ ಹೆಂಡತಿ. ಸ್ಟೂಲು ತೋರಿಸಿ "ಬಾರೇ, ಕೈ ಕೊಡು" ಎಂದೆ.

ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡಳು. "ಈ ಮನೆಗೆ ಬಂದು ಕೂದಲು ನೆರೆದು ಹೋಯ್ತು. ರಸ್ತೆ ದಾಟೋವಾಗ ಒಂದಿನ ಕೈ ಹಿಡೀಲಿಲ್ಲ. ಬಸ್ಸು ಹತ್ತೋವಾಗ ಹಿಡೀಲಿಲ್ಲ. ಈಗ ಹುಳ ಹುಡುಕೋಕೆ ಹಿಡೀತೀರಾ? ನನ್ನ ಕೈ ಖಾಲಿ ಇಲ್ಲ ಕಣ್ರೀ."

"ಇದು ವೈಜ್ಞಾನಿಕ ತಪಾಸಣೆ!"

"ನಿಮ್ಮ ವಿಜ್ಞಾನ ನಿಮ್ಮ ಗಡಿಯಾರಕ್ಕೆ ಇರಲಿ."

ಹೊಸ ಮುಲಾಮು ಹಚ್ಚಿದರೂ ತುರಿಕೆ ನಿಲ್ಲದಿದ್ದಾಗ ನನ್ನ ಸಂಶಯವೆಲ್ಲ ಅವಳ ಮೇಲೆ ತಿರುಗಿತು. ತಪಾಸಣೆಗೆ ಅಂಜುವವಳೇ ದ್ರೋಹಿಯಲ್ಲದೆ ಇನ್ಯಾರು? ಮೇಲಾಗಿ, ನನ್ನ ಗೊರಕೆಯ ನೆಪ ಹೇಳಿ ಅವಳು ಬಹಳ ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುವವಳು. ಅಲ್ಲಿ ಏನೇನು ಸಾಕಿಕೊಂಡಿದ್ದಾಳೋ! ಮುಲಾಮು ಹಚ್ಚಿಕೊಂಡೆ ಎನ್ನುತ್ತಾಳೆ, ಕಂಡವರಾರು? ಈ ಕಡೆ ಮಗಳು ಫೋನಿನಲ್ಲಿ, "ಪಾಪು ನಗೋಕೆ ಶುರು ಮಾಡಿದೆ ಅಪ್ಪಾ" ಎಂದಳು. ಕೂಸಿನ ಮೊದಲ ನಗು ಫೋನಿನ ಪಾಲಾಯಿತು. ಇನ್ನು ಅದು ಕೂರುವುದು, ಅಂಬೆಗಾಲಿಡುವುದು ಎಲ್ಲ ಗಾಜಿನೊಳಗೇ ಆಗಿಬಿಟ್ಟರೆ? ಒಬ್ಬ ಹೆಂಗಸಿನ ಹಟದಿಂದ!

ಎಲ್ಲರನ್ನೂ ಹೊರಡಿಸಿಕೊಂಡು ಡಾಕ್ಟರಮ್ಮನ ಬಳಿ ಮತ್ತೆ ಹೋದೆ. ಭೂತಗನ್ನಡಿಯನ್ನೂ ಜೇಬಿಗೆ ಹಾಕಿಕೊಂಡಿದ್ದೆ, ಆಕೆಗೆ ಬೇಕಾಗಬಹುದೆಂದು. ಒಳಗೆ ಹೋದವನೇ ದೂರು ಸಲ್ಲಿಸಿದೆ.

"ಡಾಕ್ಟ್ರಮ್ಮಾ, ನೀವು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೀವಿ. ಆದರೆ ನಮ್ಮ ಮನೆಯಲ್ಲಿ ಒಬ್ಬರು ತಪಾಸಣೆಗೆ ಕೈ ಕೊಡೋದಿಲ್ಲ. ನೀವೇ ಹಿಡಿದು ನೋಡಿ."

ನನ್ನ ಹೆಂಡತಿ ಕೈ ಚಾಚಿದಳು, ಗೊಣಗದೆ. ಡಾಕ್ಟರಮ್ಮ ಬೆರಳು ಬೆರಳು ನೋಡಿದರು. "ಅಜ್ಜೀ, ನಿಮಗೆ ಏನೂ ಇಲ್ಲವಲ್ಲ! ಒಂದು ಗುಳ್ಳೆ ಇಲ್ಲ. ಮನೆಯವರಿಗೆಲ್ಲ ತಿರುಗಿ ತಿರುಗಿ ಬಂದಿದೆ, ನಿಮಗೆ ಯಾಕೆ ಬಂದಿಲ್ಲ?"

"ನಂಗೇನು ಗೊತ್ತಮ್ಮಾ. ನೀವು ಕೊಟ್ಟ ಔಷಧಿ ಹಚ್ಕೊಂಡೆ. ಮಕ್ಕಳೆಲ್ಲ ದಿನಾ ಸಂಜೆ ಇವರ ಹತ್ರ ಕೈ ಕೊಟ್ಟು ಕೂರ್ತಿದ್ರು. ನಾನು ಕೊಡಲಿಲ್ಲ."

"ಕೈ ಕೊಟ್ಟು? ಎಷ್ಟು ಹೊತ್ತು?"

"ಸಾರು ಆರಿ ತಣ್ಣಗಾಗೋವಷ್ಟು ಹೊತ್ತು" ಎಂದಳು ಸೊಸೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ತಾತಾ, ಕೊಡಿ."

ನಾನು ಹೆಮ್ಮೆಯಿಂದ ಭೂತಗನ್ನಡಿ ತೆಗೆದುಕೊಟ್ಟೆ.

"ಇದಲ್ಲ. ಕೈ."

ಕೊಟ್ಟೆ. ಆಕೆ ನನ್ನ ಬೆರಳುಗಳನ್ನು ಅಗಲಿಸಿದರು. ಹುಬ್ಬು ಮೇಲೇರಿತು. ನನ್ನ ಭೂತಗನ್ನಡಿಯನ್ನೇ ತಮ್ಮ ಕಣ್ಣಿಗೆ ಹಿಡಿದು ಮತ್ತೆ ನೋಡಿದರು. "ಇಲ್ಲಿ ತುರಿಸಲ್ವಾ ನಿಮಗೆ?"

"ಸ್ವಲ್ಪ ತುರಿಸುತ್ತೆ. ಅದು ಚಿಮುಟ ಹಿಡಿದು ಹಿಡಿದು ಆದ ಒಣಕಲು. ಕೆಲಸಗಾರನ ಕೈ ಅಲ್ಲವಾ."

"ವಯಸ್ಸಾದವರಿಗೆ ಕೆಲವು ಸಲ ತುರಿಕೆ ಅಷ್ಟು ಗೊತ್ತಾಗಲ್ಲ. ಮುಲಾಮು ಹಚ್ಚಿದ್ರಿ ತಾನೇ?"

"ಮನೆಯಲ್ಲಿ ನನ್ನಷ್ಟು ದಪ್ಪವಾಗಿ ಯಾರೂ ಹಚ್ಚಿಲ್ಲ!"

"ಕೈಗೆ?"

"ಕೈಯಿಂದಲೇ ತಾನೇ ಹಚ್ಚಿದ್ದು."

"ಹಚ್ಚಿದ ಮೇಲೆ?"

"ಹಚ್ಚಿದ ಮೇಲೆ ಇನ್ನೇನು, ಸೋಪು ಹಾಕಿ ಕೈ ತೊಳೆದೆ" ಎಂದೆ. "ಜಿಡ್ಡು ಕೈಯಲ್ಲಿ ಗಡಿಯಾರ ಮುಟ್ಟಲಿಕ್ಕಾಗುತ್ತಾ? ನನ್ನ ಇಡೀ ಜನ್ಮದಲ್ಲಿ ಕೈ ತೊಳೆಯದೆ ಒಂದು ಗಡಿಯಾರ ಬಿಚ್ಚಿದವನಲ್ಲ ನಾನು!"

ಕೋಣೆಯಲ್ಲಿ ಗೋಡೆಯ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. (ಸ್ವಲ್ಪ ಹಿಂದೆ ಓಡುತ್ತಿತ್ತು, ಆದರೆ ಹೇಳುವ ಸಂದರ್ಭವಾಗಿರಲಿಲ್ಲ.) ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಸುಮ್ಮನೆ ಒಮ್ಮೆ ಮುಟ್ಟಿದರೆ ಈ ಹುಳು ಅಷ್ಟು ಸುಲಭವಾಗಿ ದಾಟುವುದಿಲ್ಲ. ಚರ್ಮಕ್ಕೆ ಚರ್ಮ ತಗುಲಿ ಬಹಳ ಹೊತ್ತು ಇರಬೇಕು. ಹಾಗಿರಲು ಅದಕ್ಕೊಂದು ಸೇತುವೆ ಬೇಕು. ಆ ಸೇತುವೆಯನ್ನು ದಿನಾ ಸಂಜೆ ನಾನೇ ಹಾಕಿ, ಹುಳುಗಳು ನಿಧಾನವಾಗಿ ದಾಟಲೆಂದು ಗೋಪುರದ ಗಡಿಯಾರದ ಕಥೆ ಹೇಳುತ್ತಾ ಕೂತಿದ್ದೆ. ಎಲ್ಲರ ಬೆರಳನ್ನೂ ನೋಡಿದ ನಾನು, ಹಿಡಿದುಕೊಂಡಿದ್ದ ಬೆರಳನ್ನು ಮಾತ್ರ ನೋಡಿರಲಿಲ್ಲ.

ಮಗ ಕೆಮ್ಮುವಂತೆ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದ. ಸೊಸೆ ಚಾವಣಿ ನೋಡಿದಳು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಮೊದಲು ಹೊರಟಳು. ದಾರಿಯಲ್ಲಿ, ರಸ್ತೆ ದಾಟುವಾಗ, "ಕೈ ಹಿಡೀಲಾ ಅಂತ ಕೇಳಬೇಡಿ, ಈಗಂತೂ ಬೇಡವೇ ಬೇಡ" ಎಂದಳು.

ಅಂದು ಸಂಜೆ ದಂಡನಾಯಕನ ಪದವಿ ಕೈಬದಲಾಯಿತು. ಎಲ್ಲರೂ ಮತ್ತೆ ಮುಲಾಮು ಹಚ್ಚಿಕೊಂಡ ಮೇಲೆ ನನ್ನ ಹೆಂಡತಿ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತಳು. ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಬೆರಳಿಗೆ, ಉಗುರಿನ ಸಂದಿಗೆ, ಮಣಿಕಟ್ಟಿಗೆ ಮುಲಾಮು ಉಜ್ಜಿದಳು. ಇಷ್ಟು ವರ್ಷ ನಾನು ಹಿಡಿಯದ ಕೈ ಕೊನೆಗೂ ನನ್ನ ಕೈಗೆ ಬಂತು, ಬಂದದ್ದು ಹೀಗೆ. ಹಾಗೆಂದು ಹೇಳಲು ಬಾಯಿ ತೆರೆದೆ. "ಗೋಪುರದ ಗಡಿಯಾರ ಶುರು ಮಾಡಬೇಡಿ" ಎಂದಳು. ಆಮೇಲೆ ಹಳೆಯ ದಿಂಬಿನ ಬಟ್ಟೆಯಲ್ಲಿ ಹೊಲಿದ ಎರಡು ಚೀಲಗಳನ್ನು ನನ್ನ ಕೈಗಳಿಗೆ ತೊಡಿಸಿ, ಮಣಿಕಟ್ಟಿನಲ್ಲಿ ದಾರ ಬಿಗಿದಳು.

"ಇದೇನೇ?"

"ಸೋಪಿನ ಹತ್ರ ಹೋಗದೇ ಇರೋಕೆ."

ವಾರ ಬಿಟ್ಟು ಇನ್ನೊಮ್ಮೆ ಹಾಗೆಯೇ ಆಯಿತು. ಚೂಟಿ ಕೆರೆಯುವುದನ್ನು ಬಿಟ್ಟಳು. ಮಗನ ಅಂಗಿಯ ಬೆನ್ನಿನಿಂದ ಭಾಗಾಕಾರ ಮಾಯವಾಯಿತು. ಡಾಕ್ಟರಮ್ಮ ಎಲ್ಲರನ್ನೂ ನೋಡಿ "ಇನ್ನು ಭಯವಿಲ್ಲ, ಮಗು ಬರಬಹುದು" ಎಂದರು. ಆದರೆ ನನ್ನ ಕೈಗೆ ಕಟ್ಟಿದ ಚೀಲಗಳನ್ನು ಯಾರೂ ಬಿಚ್ಚಲಿಲ್ಲ. ಕೇಳಿದ್ದಕ್ಕೆ ಹೆಂಡತಿಯ ಉತ್ತರ, "ಡಾಕ್ಟ್ರಮ್ಮ ಹೇಳಿದ್ರು. ನಾನಿನ್ನೂ ಹೇಳಿಲ್ಲ."

ಮಗಳು ಬಂದಳು. ಕೂಸು ಬಾಗಿಲಿನಿಂದಲೇ ಕೈಯಿಂದ ಕೈಗೆ ಹೋಯಿತು: ಅಜ್ಜಿಯ ಕೈಗೆ, ಸೊಸೆಯ ಕೈಗೆ, ಮಗನ ಕೈಗೆ. ಚೂಟಿಯೂ ಕೂತು ತೊಡೆಯ ಮೇಲೆ ಹಾಕಿಸಿಕೊಂಡಳು. ನಾನು ನನ್ನ ಕುರ್ಚಿಯಲ್ಲಿ, ಎರಡು ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು, ಮನೆಯಲ್ಲಿ ಮರೆತುಹೋದ ಸಾಮಾನಿನಂತೆ ಕೂತಿದ್ದೆ.

"ಅಯ್ಯೋ, ಅಪ್ಪನ ಮುಖ ನೋಡೋಕಾಗ್ತಿಲ್ಲ" ಎಂದು ಮಗಳೇ ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು.

ಆಗ ಕಂಡೆ. ಉಗುರಿನಿಂದ ಮುಖ ಪರಚಿಕೊಳ್ಳದಿರಲೆಂದು ಕೂಸಿನ ಕೈಗೂ ಎರಡು ಪುಟ್ಟ ಬಟ್ಟೆಚೀಲ ಹಾಕಿ ದಾರ ಕಟ್ಟಿದ್ದರು. ಅದು ನನ್ನ ಚೀಲಗಳನ್ನು ನೋಡಿತು. ನಾನು ಅದರವನ್ನು ನೋಡಿದೆ. ಆ ಮನೆಯಲ್ಲಿ ತಮ್ಮ ಕೈಯ ಮೇಲೆ ತಮಗೇ ಅಧಿಕಾರವಿಲ್ಲದವರು ನಾವಿಬ್ಬರೇ. ಕೂಸಿಗೆ ಅದು ಅರ್ಥವಾಯಿತೆಂದೇ ನನ್ನ ನಂಬಿಕೆ, ಏಕೆಂದರೆ ಬೊಚ್ಚು ಬಾಯಿ ಅಗಲಿಸಿ, ಗಾಜಿನ ಅಡ್ಡಿಯಿಲ್ಲದೆ, ನೇರವಾಗಿ ನನ್ನ ಮುಖಕ್ಕೇ ನಕ್ಕಿತು.

"ಲೇ," ಎಂದೆ ಹೆಂಡತಿಗೆ, "ಇನ್ನಾದರೂ ಬಿಚ್ಚೇ. ಒಂದ್ಸಲ ಇದರ ಬೆರಳು ಮುಟ್ತೀನಿ."

ನನ್ನ ಹೆಂಡತಿ ಬಂದು ನಿಂತು ಯೋಚಿಸಿದಳು. ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡಳು. ಒಂದು ಚೀಲದ ದಾರ ಬಿಚ್ಚಿ, ನನ್ನ ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ, ನಾನು ಕೂಡ ಎಂದೂ ನೋಡದಷ್ಟು ಸಾವಧಾನವಾಗಿ ನೋಡಿದಳು. ಮನೆಯವರೆಲ್ಲ ಸುತ್ತ ನೆರೆದು ಬಗ್ಗಿ ನೋಡಿದರು. ಕೂಸು ಕೂಡ ಕೈಕಾಲು ಬಡಿಯುವುದನ್ನು ನಿಲ್ಲಿಸಿತು.

"ಎಡಗೈ ಪಾಸು" ಎಂದಳು, ಭೂತಗನ್ನಡಿ ಕೆಳಗಿಡುತ್ತಾ. "ಬಲಗೈ ನಾಳೆ."