ನಾನು ಚರ್ಚಿಗೆ ವೆಬ್‌ಸೈಟ್ ಮಾಡಿಕೊಟ್ಟದ್ದು

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನಿಗೆ ಒಂದು ವೆಬ್‌ಸೈಟ್ ಏನು ಮಹಾ? ಹೀಗೆಂದು ನಾನು ರಾಯಬಾಗದ ನಮ್ಮ ಪುಟ್ಟ ಚರ್ಚಿನ ಕಮಿಟಿ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ.

ಸಂದರ್ಭ ಗಂಭೀರವಾಗಿತ್ತು. ಸುಗ್ಗಿ ಹಬ್ಬದ ಆರಾಧನೆಗೆ, ಸುತ್ತಲಿನ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಸುಪರಿಂಟೆಂಡೆಂಟ್ ಸಾಹೇಬರು ಖುದ್ದು ಬರುವವರಿದ್ದರು. ಸುಗ್ಗಿ ಹಬ್ಬವೆಂದರೆ ಪ್ರತಿ ಮನೆಯವರೂ ಹೊಸ ಕಬ್ಬು, ಜೋಳ, ಬೆಲ್ಲ, ಆಗದಿದ್ದರೆ ಒಂದು ಕೋಳಿಯನ್ನಾದರೂ ತಂದು ದೇವರ ಮುಂದೆ ಇಡುವ ದಿನ. ಅಂದು ಬೆಂಚುಗಳು ತುಂಬಿದ್ದರೆ ನಮ್ಮ ಪಾಸ್ಟರ್ ಅಯ್ಯನವರು ನಮ್ಮಲ್ಲೇ ಉಳಿಯುತ್ತಾರೆ. ಖಾಲಿ ಕಂಡರೆ ಅವರನ್ನು ಚಿಕ್ಕೋಡಿಗೆ ಕಳಿಸಿ, ನಮಗೆ ತಿಂಗಳಿಗೊಮ್ಮೆ ಯಾರನ್ನಾದರೂ ಕಳಿಸುತ್ತಾರೆ. ನನ್ನ ತಾಯಿ ಹಾಸಿಗೆ ಹಿಡಿದಾಗ ಮೂರು ತಿಂಗಳು ದಿನಾ ಸಂಜೆ ಬಂದು ಪಕ್ಕದಲ್ಲಿ ಕುಳಿತವರು ಈ ಅಯ್ಯನವರು. ಅವರು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಅಲ್ಲಿಯವರೆಗೆ ನಮ್ಮ ಚರ್ಚಿನ ಪ್ರಚಾರ ವಿಭಾಗವೆಂದರೆ ಮಾರ್ತಾ ಆಯಿ. ಎಪ್ಪತ್ತು ದಾಟಿದ ಈಕೆ ಏನೇ ಕಾರ್ಯಕ್ರಮವಿರಲಿ, ಕೈಚೀಲ ಹಿಡಿದು ನಲವತ್ತು ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, "ನಾಳೆ ಬರ್ರಿ" ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದಳು. ಇಪ್ಪತ್ತೊಂದನೆಯ ಶತಮಾನದಲ್ಲಿ ಇದೆಂಥ ಪದ್ಧತಿ! ಆಯಿಯ ಸುದೀರ್ಘ ಸೇವೆಯನ್ನು ಪರಿಗಣಿಸಿ ಆಕೆಗೆ ಸಂಪೂರ್ಣ ವಿಶ್ರಾಂತಿ ನೀಡತಕ್ಕದ್ದೆಂದು ನಾನು ಠರಾವು ಮಂಡಿಸಿದೆ. ಒಂದು ಶಾಲನ್ನೂ ಹೊದಿಸಿದೆವು.

"ಹಂಗಾರ ಮನೀಮನೀಗೆ ಯಾರು ಹೋಗವ್ರು?" ಎಂದಳು ಆಯಿ.

"ಫೋನು ಹೋಗತೈತಿ ಆಯಿ, ಎಲ್ಲಾರ ಕೈಯಾಗೂ."

"ಫೋನು ಚಾ ಕುಡಿತೈತೇನೋ ತಮ್ಮಾ?"

ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆಯಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ಇದ್ದದ್ದರಿಂದ, ಊರ ಹೊರಗೆ ನನ್ನ ಅಳಿಯ ಬೆಲ್ಲ ಕಾಯಿಸುವ ಗಾಣದ ಕಟ್ಟೆಯ ಮೇಲೆ ಕುಳಿತು ವೆಬ್‌ಸೈಟ್ ಕಟ್ಟಿದೆ. ಮೂರು ದಿನ, ಏಳು ಲೋಟ ಕಬ್ಬಿನ ಹಾಲು. ಕೊನೆಗೆ ನಕ್ಷೆಯಲ್ಲಿ ಚರ್ಚಿನ ಜಾಗ ತೋರಿಸಬೇಕಾಯಿತು. "ಈಗ ನೀವು ಇರುವ ಜಾಗವನ್ನೇ ಹಾಕಲೇ?" ಎಂದು ಫೋನು ಬಹಳ ವಿನಯದಿಂದ ಕೇಳಿತು. ಅಷ್ಟು ವಿನಯದಿಂದ ಕೇಳಿದವರಿಗೆ ಇಲ್ಲ ಅನ್ನಲಾಗುತ್ತದೆಯೇ? ಹೌದು ಎಂದು ಒತ್ತಿದೆ.

ಆಮೇಲೆ ಬ್ಯಾನರ್. ಸಾದಾ ಬಿಳಿ ಹಿನ್ನೆಲೆ, ಒಂದು ಜೋಳದ ತೆನೆ, ಕೆಳಗೆ ನಾಲ್ಕು ಅಕ್ಷರ. ಇದು ನನ್ನ ಕಲಾತ್ಮಕ ಕಲ್ಪನೆ. ಚಿಕ್ಕೋಡಿಯ ಫ್ಲೆಕ್ಸ್ ಅಂಗಡಿಯವನು ಅದನ್ನು ನೋಡಿ ಮರುಗಿದ.

"ಫೋಟೋ ಇಲ್ಲದ ಬ್ಯಾನರ್ ಯಾರು ನೋಡ್ತಾರ್ರೀ ಸರ? ಎಕದಮ್ ಸಪ್ಪಗ ಕಾಣಸ್ತೈತಿ. ಸಾಹೇಬರದು ಹಾಕ್ರಿ, ನಿಮ್ಮದೂ ಒಂದ ಇರಲಿ."

ಸಾಹೇಬರ ಫೋಟೋ ನನ್ನ ಬಳಿ ಇದ್ದದ್ದು ಒಂದೇ, ಅದೂ ಚಿಕ್ಕದು. ದೊಡ್ಡದು ಮಾಡಿದರೆ ಮೂಗು ಎಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ನನ್ನದು ಸ್ಪಷ್ಟವಾಗಿತ್ತು. ಹೀಗಾಗಿ ಕೇವಲ ತಾಂತ್ರಿಕ ಕಾರಣಗಳಿಂದ ಸಾಹೇಬರು ಅಂಚೆಚೀಟಿಯಷ್ಟಾದರು, ನಾನು ಬಾಗಿಲಿನಷ್ಟಾದೆ. ಬಸ್ ನಿಲ್ದಾಣದ ಹತ್ತಿರ ಬ್ಯಾನರ್ ಏರಿದ ದಿನವೇ ತರಕಾರಿ ಮಾರುವವಳು ಕೇಳಿದಳು: "ಮಾಸ್ತರ, ಯಾವ ಪಾರ್ಟಿಯಿಂದ ನಿಂತೀರಿ?"

ನನಗೆ ಅದರ ಚಿಂತೆ ಇರಲಿಲ್ಲ. ಎಲ್ಲರ ವಾಟ್ಸ್ಯಾಪಿಗೂ ವೆಬ್‌ಸೈಟಿನ ವಿಳಾಸ ಕಳಿಸಿದ್ದೆ. ಎಷ್ಟು ಜನ ತೆರೆದು ನೋಡಿದರೆಂದು ಹೇಳುವ ಅಂಕಿಯೊಂದು ಕೆಳಗಿತ್ತು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲ್ಲುಜ್ಜುವಾಗ ನೋಡಿದೆ, ಹಾಜರಿ ಕರೆಯುವಾಗ ನೋಡಿದೆ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಒಂದೇ ಕಣ್ಣು ಮುಚ್ಚಿದೆ. ಶನಿವಾರ ಸಂಜೆಗೆ ಮುನ್ನೂರ ಹನ್ನೆರಡು!

"ಎಸ್ತರ್, ಮುನ್ನೂರ ಹನ್ನೆರಡು ಸಲ ನೋಡ್ಯಾರ!" ಎಂದು ಹೆಂಡತಿಗೆ ಕೂಗಿ ಹೇಳಿದೆ.

"ಅದರಾಗ ಮುನ್ನೂರು ಸಲ ನೀವ ನೋಡೀರಿ" ಎಂದಳು ಆಕೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಭಾನುವಾರ ಬಂತು. ಒಂಬತ್ತೂವರೆಗೆ ಆರಾಧನೆ. ಒಂಬತ್ತೂಕಾಲಿಗೆ ಚರ್ಚಿನಲ್ಲಿ ಇದ್ದವರು ಪಾಸ್ಟರ್ ಅಯ್ಯನವರು, ನಾನು, ಎಸ್ತರ್ ಮತ್ತು ಎಸ್ತರ್ ತಂದ ಕೋಳಿ. ಗಂಟೆ ಬಾರಿಸಿದೆ. ಕೋಳಿ ಮಾತ್ರ ಓಗೊಟ್ಟಿತು. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ಅಯ್ಯನವರು ಖಾಲಿ ಬೆಂಚುಗಳ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಅದನ್ನು ನೋಡಿ ನನಗೆ ಅಳುವೇ ಬಂತು.

ಕಮಿಟಿಯ ಹಿರಿಯರಾದ ದಾವೀದಪ್ಪನವರಿಗೆ ಫೋನು ಹಚ್ಚಿದೆ.

"ವೆಬ್‌ಸೈಟ್ ನೋಡೀರೇನ್ರಿ?"

"ನೋಡೇನ್ರಿ ಮಾಸ್ತರ! ಭಾರಿ ಮಾಡೀರಿ. ನಮ್ಮ ಬೀಗರಿಗೂ ಕಳಿಸೇನಿ."

"ಮತ್ತ ಯಾಕ ಬಂದಿಲ್ರಿ?"

"ಕರದಿಲ್ಲಲ್ರಿ."

"ಅದರಾಗ 'ಎಲ್ಲರಿಗೂ ಆದರದ ಸ್ವಾಗತ' ಅಂತ ಬರದೇನಲ್ರಿ!"

"ಅದು ಎಲ್ಲಾರಿಗೂ ಆತ್ರಿ" ಎಂದರು ದಾವೀದಪ್ಪ. "ನಮಗ?"

ಬರೀ ಭಾನುವಾರದ ಆರಾಧನೆಗಾದರೆ ಯಾರ ಕರೆಯೂ ಬೇಡ, ಇದು ಹಬ್ಬ. ನಮ್ಮ ಕಡೆ ಮದುವೆಯಿರಲಿ, ಸೀಮಂತವಿರಲಿ, ಮನೆಗೆ ಬಂದು ಬಾಯಿಬಿಟ್ಟು ಕರೆಯದಿದ್ದರೆ ಸ್ವಂತ ತಮ್ಮನೂ ಹೊಸ್ತಿಲು ದಾಟುವುದಿಲ್ಲ. ಇದು ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದ ಸಂಗತಿ. ನನ್ನ ಮದುವೆಗೆ ಕಾರ್ಡು ಅಂಚೆಯಲ್ಲಿ ಕಳಿಸಿದ್ದಕ್ಕೆ ಅಥಣಿಯ ಸೋದರಮಾವ ಇವತ್ತಿಗೂ ನನ್ನೊಂದಿಗೆ ಮಾತಾಡುವುದಿಲ್ಲ!

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸುಪರಿಂಟೆಂಡೆಂಟ್ ಸಾಹೇಬರು.

"ಮಾಸ್ತರ, ನಿಮ್ಮ ನಕಾಶಿ ಹಿಡಕೊಂಡು ಬಂದೀವ್ರಿ. ಇಲ್ಲಿ ಚರ್ಚ್ ಕಾಣವಲ್ದು. ಯಾರೋ ಬೆಲ್ಲ ಕಾಸಾಕತ್ತಾರ."

"ಸಾಹೇಬ್ರ, ಹೊಳ್ಳಿ ಬರ್ರಿ, ಐದು ನಿಮಿಷದ ದಾರಿ!"

"ಹೆಂಗ ಹೊಳ್ಳೂದ್ರಿ? ಹಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತೈತಿ, ಎರಡೂ ಟ್ರೇಲರ್ ತುಂಬ್ಯಾವ. ಖಾಲಿ ಆಗಿ ಅದು ಸರಿಯಾಕ ತಾಸೊಪ್ಪತ್ತು ಬೇಕಂತ."

ನಾನು ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಜನರನ್ನೂ ಕಳೆದೆ, ಸಾಹೇಬರನ್ನೂ ಕಳೆದೆ! "ಎಲ್ಲಾ ಮುಗೀತು ಎಸ್ತರ್" ಎಂದೆ.

"ಏನ್ ಮುಗೀತು? ತಾಸೊಪ್ಪತ್ತು ಸಿಕ್ಕೈತಿ, ಏಳ್ರಿ! ಆಯಿನ್ನ ಗಾಡಿ ಮ್ಯಾಲೆ ಕುಂಡ್ರಿಸಿಕೊಂಡು ಮನೀಮನೀಗೆ ಹೋಗ್ರಿ."

ಆಯಿ ಮನೆಯಲ್ಲೇ ಇದ್ದಳು. ಇಸ್ತ್ರಿ ಸೀರೆ ಉಟ್ಟು, ನಾವು ಹೊದಿಸಿದ ಶಾಲು ಹೊದ್ದು, ತೊಡೆಯ ಮೇಲೆ ಬೈಬಲ್ ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು.

"ಆಯಿ, ಚರ್ಚಿಗೆ ಯಾಕ ಬರಲಿಲ್ಲ?"

"ಯಾರ ಕರದಾರಪಾ ನನಗ?"

"ನಾನ ಕರ್ಯಾಕ ಬಂದೇನಿ. ತಪ್ಪಾತು ಆಯಿ. ಬಾ."

"ಹಾಂ, ಈಗ ಆತು ನೋಡು. ಗಾಡಿ ಚಾಲೂ ಮಾಡು."

ಮುಂದಿನ ತಾಸೂಕಾಲು ನನ್ನ ಮೋಟಾರುಸೈಕಲ್ಲು ಕಂಡ ಓಣಿಗಳನ್ನು ಅದು ಹಿಂದೆಂದೂ ಕಂಡಿರಲಿಲ್ಲ. ಆಯಿ ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದಳು: "ಬರ್ರಿ ಯವ್ವಾ, ಸಾಹೇಬರು ಬರಾಕತ್ತಾರ." ವಿಚಿತ್ರವೆಂದರೆ ಪ್ರತಿ ಮನೆಯಲ್ಲೂ ಜನ ಜಳಕ ಮಾಡಿ, ಹೊಸ ಬಟ್ಟೆ ಹಾಕಿ, ಜೋಳದ ಗಂಟು ಕಟ್ಟಿಟ್ಟುಕೊಂಡು ತಯಾರಾಗಿಯೇ ಕುಳಿತಿದ್ದರು. ಕರೆಯುವುದೊಂದೇ ಬಾಕಿ ಇತ್ತು. ಚಹಾ ಬೇಡವೆಂದರೆ ಅದು ಬೇರೆ ಅವಮಾನ. ಆಯಿ ಒಂದೊಂದು ಗುಟುಕು ಕುಡಿದು ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ಹದಿನೆಂಟನೆಯ ಕಪ್ಪಿನ ನಂತರ ನಾನು ಎಣಿಸಲಿಲ್ಲ.

ಸಾಹೇಬರ ಜೀಪು ಬಂದಾಗ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹೊರಗೂ ಕಬ್ಬಿನ ಜಲ್ಲೆ ಹಿಡಿದ ಜನ ನಿಂತಿದ್ದರು. ಗಾಣದಲ್ಲಿ ಅಳಿಯ ಕೊಟ್ಟ ಬೆಲ್ಲದ ಪೆಂಟೆಯನ್ನು ಸಾಹೇಬರೇ ತಂದು ದೇವರ ಮುಂದೆ ಇಟ್ಟರು.

"ಇಷ್ಟ ಜನ ಇರೂ ಸಭಾದಿಂದ ಅಯ್ಯನವರನ್ನ ತಗೊಂಡು ಹೋದ್ರ ದೇವರು ನನಗ ಕೇಳ್ತಾನ" ಎಂದರು. ಅಯ್ಯನವರು ಕರವಸ್ತ್ರ ತೆಗೆದರು, ಈ ಸಲ ಬೆಂಚು ಒರೆಸಲಿಕ್ಕಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಾಹೇಬರು ಮುಂದುವರಿದು, "ಮಾಸ್ತರ ವೆಬ್‌ಸೈಟ್ ನೋಡಿ ಬಂದವರು ಕೈ ಎತ್ರಿ" ಎಂದರು.

ಒಂದೇ ಕೈ ಎದ್ದಿತು. ಸಾಹೇಬರ ಡ್ರೈವರನದು. ಅವನೂ ಸಿಟ್ಟಿನಿಂದ ಎತ್ತಿದ್ದ.

ಅಯ್ಯನವರು ಉಳಿದ ಖುಷಿಗೆ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಊಟ ಎಂದು ಕಮಿಟಿ ಗೊತ್ತು ಮಾಡಿತು. ಆಯಿ ನಮ್ಮ ಮನೆಯೊಂದನ್ನು ಬಿಟ್ಟು ಮನೆಮನೆಗೆ ಹೋದಳು. ನಾನು ವೆಬ್‌ಸೈಟಿನಲ್ಲೂ ಹಾಕಿದೆ, ಹೂಬಳ್ಳಿಯ ಅಂಚಿನೊಂದಿಗೆ. ಆ ಭಾನುವಾರ ಆರಾಧನೆ ಮುಗಿಸಿ ಎಸ್ತರ್ ಅಡುಗೆಗೆಂದು ಅಲ್ಲೇ ಉಳಿದಳು. ನಾನು ಮನೆಗೆ ಬಂದು, ಇಸ್ತ್ರಿ ಅಂಗಿ ಹಾಕಿಕೊಂಡು ಮಂಚದ ಮೇಲೆ ಕುಳಿತೆ. ಒಂದು ಗಂಟೆಯಾಯಿತು. ಎದ್ದು ಅಡ್ಡಾಡಿದೆ, ಕಿಟಕಿಯಿಂದ ಇಣುಕಿದೆ, ಮತ್ತೆ ಕುಳಿತೆ. ಎಸ್ತರ್ ಫೋನು ಮಾಡಿದಳು.

"ಎಲ್ಲಿ ಅದೀರಿ? ಎಲ್ಲಾರೂ ಎಲಿ ಮುಂದ ಕುಂತಾರ!"

"ನನ್ನ ಯಾರೂ ಬಂದು ಕರದಿಲ್ಲ" ಎಂದೆ.

"ವೆಬ್‌ಸೈಟಿನಾಗ ಐತಲ್ರೀ!"

"ಐತಿ."

"ಹಾಕಿದವರ್ಯಾರು?"

"ನಾನ."

ಎಸ್ತರ್ ಫೋನಿಟ್ಟಳು. ಕಾಲು ಗಂಟೆಯ ಮೇಲೆ ಅಂಗಳದ ಗೇಟು ಕಿರುಗುಟ್ಟಿತು. ಕೈಚೀಲ ಹಿಡಿದ ಮಾರ್ತಾ ಆಯಿ ಬಾಗಿಲಲ್ಲಿ ನಿಂತು, "ತಮ್ಮಾ, ಊಟಕ್ಕ ಬಾ" ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ನಾನು ಚಪ್ಪಲಿ ಹಾಕಿಕೊಂಡಾಗಿತ್ತು.