ಬೇರೆನ್‌ಬರ್ಗ್ ಸಾಹೇಬರ ದರ್ಶನಕ್ಕೆ

ಇಂದ,
ಆರ್ನ್‌ಫಿನ್ ಲಿಂಗ್‌ಸ್ಟಾ, ಅಡುಗೆಯವನು,
ಹವಾಮಾನ ಠಾಣೆ, ಯಾನ್ ಮಾಯೆನ್ ದ್ವೀಪ.

ಗೆ,
ಶ್ರೀಯುತ ಬೇರೆನ್‌ಬರ್ಗ್, ಜ್ವಾಲಾಮುಖಿ,
ಮಂಜಿನ ಹಿಂದೆ, ಅದೇ ದ್ವೀಪ.

ವಿಷಯ: ನಾಳೆ ಸಂಜೆ ಮುಖ ತೋರಿಸುವ ಕುರಿತು.
ಉಲ್ಲೇಖ: ತಮ್ಮ ಬಗ್ಗೆ ನನ್ನ ದಿವಂಗತ ತಂದೆ ಜೀವಮಾನವಿಡೀ ಊಟದ ಮೇಜಿನಲ್ಲಿ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸುವುದೇನೆಂದರೆ, ಇಲ್ಲಿ ನನ್ನ ಒಂದು ವರ್ಷದ ಸೇವೆ ಮುಗಿದಿದ್ದು, ನಾಡಿದ್ದು ವಿಮಾನ ಹತ್ತುತ್ತೇನೆ. ಸರಕಿನ ವಿಮಾನ, ಕಿಟಕಿಯಿಲ್ಲ. ಸುತ್ತ ಹಿಮದ ಸಮುದ್ರ, ಎದ್ದು ನಿಂತವರು ತಾವೊಬ್ಬರೇ. ಆದರೂ ನಾನು ತಮ್ಮ ಮುಖ ನೋಡಿಲ್ಲ. ತಾವು ಸೀಟಿನಲ್ಲಿರುವುದೇ ಅಪರೂಪ. ಹೊಟ್ಟೆಯಲ್ಲಿ ಬೆಂಕಿ, ತಲೆಯ ಮೇಲೆ ಮಂಜುಗಡ್ಡೆ ಇಟ್ಟುಕೊಂಡವರಿಗೆ ಇಷ್ಟು ಗತ್ತು ಇರಬೇಕಾದ್ದೇ, ಆಕ್ಷೇಪಣೆಯಿಲ್ಲ.

1. ಠಾಣೆಯ ಪದ್ಧತಿಯಂತೆ, ತಮ್ಮ ಶಿಖರ ಮೊದಲು ಕಂಡವರು ಬಾಗಿಲ ಗಂಟೆ ಬಾರಿಸತಕ್ಕದ್ದು. ಎಲ್ಲರೂ ಕೆಲಸ ಬಿಟ್ಟು ಹೊರಗೋಡಿ, ಜಾಮ್ ಸವರಿದ ಬಿಸಿ ವಾಫಲ್ ದೋಸೆ ತಿನ್ನುತ್ತಾ ತಮ್ಮನ್ನು ನೋಡತಕ್ಕದ್ದು. ವಾಫಲ್ ಮಾಡತಕ್ಕವನು ನಾನು. ಅಡುಗೆಮನೆಯ ಕಿಟಕಿ ಸಮುದ್ರದ ಕಡೆಗಿದೆ.

2. ಕಾರಣ, ತಾವು ದಯಮಾಡಿಸಿದಾಗಲೆಲ್ಲ ನಾನು ಕಾವಲಿಯ ಮುಂದೆ. "ಬೇಗ ಹಾಕಪ್ಪಾ, ಬೆಟ್ಟ ಮುಚ್ಕೊಂಡ್‌ಬಿಡತ್ತೆ" ಎಂದು ರೇಡಿಯೊ ನೋಡಿಕೊಳ್ಳುವ ಟೋರ್‌ಲೈಫ್ ತಟ್ಟೆ ಚಾಚುತ್ತಾನೆ. ಹಿಟ್ಟು ಮುಗಿಯುವಷ್ಟರಲ್ಲಿ ತಾವು ನಾಪತ್ತೆ. ಆಮೇಲೆ ಬಾಯೊರೆಸಿಕೊಳ್ಳುತ್ತಾ ಅವನೇ ಕೇಳುತ್ತಾನೆ: "ಎಷ್ಟ್ ಚೆನ್ನಾಗ್ ಕಾಣ್ತು ಮಾರಾಯ, ನೀನೆಲ್ಲಿ ಹಾಳಾಗ್ಹೋಗಿದ್ದೆ?"

3. ಒಮ್ಮೆ ಒಲೆ ಆರಿಸಿ ನಾನೂ ಓಡಿದೆ. ಅಷ್ಟರಲ್ಲಿ ಮಂಜು ಇಳಿಯಿತು. "ವಾಫಲ್ ಇಲ್ದೆ ಬೆಟ್ಟ ನೋಡಕ್ ಬಂದ್ರೆ ಇನ್ನೇನಾಗತ್ತೆ?" ಎಂದರು ಠಾಣೆಯ ಮುಖ್ಯಸ್ಥೆ ಗುಡ್‌ವೈಗ್ ಮೇಡಂ. ಆ ತಿಂಗಳ ಮಂಜಿಗೆಲ್ಲ ನಾನೇ ಹೊಣೆಯಾದೆ. ಮೇಡಂ ಹವಾಮಾನದಲ್ಲಿ ಡಾಕ್ಟರೇಟ್ ಪಡೆದವರು.

4. ನನ್ನ ತಂದೆಯೂ ಇದೇ ಠಾಣೆಯಲ್ಲಿದ್ದವರು. ಸಂಜೆ ಕೆಳಗೆಲ್ಲ ಕತ್ತಲಾದ ಮೇಲೂ ತಮ್ಮ ತುದಿಯೊಂದೇ ಗುಲಾಬಿ ಬಣ್ಣದಲ್ಲಿ ಆಕಾಶದಲ್ಲಿ ತೇಲುತ್ತದೆ ಎನ್ನುತ್ತಿದ್ದರು. ಅವರು ಕೊಚ್ಚಿಕೊಳ್ಳುತ್ತಿದ್ದ ಮೀನುಗಳ ನಿಜವಾದ ಅಳತೆ ಗೊತ್ತಿದ್ದ ಊರಿನಲ್ಲಿ ಯಾರೂ ನಂಬಲಿಲ್ಲ. ಈಗ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ: "ನಿಮ್ಮಪ್ಪ ಹೇಳಿದ್ದು ನಿಜಾನೇನೋ? ಅದೊಂದಾದ್ರೂ ನಿಜ ಆಗಿದ್ರೆ ಸಾಕಿತ್ತು ಕಣೋ." ಟೋರ್‌ಲೈಫ್‌ನನ್ನು ವಿಚಾರಿಸಿದರೆ, "ಬಣ್ಣ ನೋಡ್ಲಿಲ್ಲ, ಜಾಮ್ ಸ್ವಲ್ಪ ಕಮ್ಮಿ ಇತ್ತು" ಎಂದ. ಅಪ್ಪನನ್ನು ಸುಳ್ಳುಗಾರನಾಗಿಯೇ ಬಿಟ್ಟು ಹೋಗಲು ನನಗೆ ಸಂಕಟವಾಗುತ್ತದೆ.

ಆದ್ದರಿಂದ, ನಾಳೆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ, ನಾನು ಕಸದ ಬಕೆಟ್ ಹಿಡಿದು ಹಿಂಬಾಗಿಲಿಗೆ ಬರುವ ಹೊತ್ತಿಗೆ, ತಾವು ಮುಸುಕು ತೆಗೆಯಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ (ನೋಡದೆಯೇ),
ಆರ್ನ್‌ಫಿನ್ ಲಿಂಗ್‌ಸ್ಟಾ

ಅಡಕ: ವಾಫಲ್ ಒಂದು. ತಣ್ಣಗಾಗಿದೆ.

ವಿ.ಸೂ.: ದಯವಿಟ್ಟು ಸದ್ದಿಲ್ಲದೆ ಬನ್ನಿ. ಬೇರೆ ಯಾರಾದರೂ ನೋಡಿ ಗಂಟೆ ಬಾರಿಸಿದರೆ ನಾನು ಒಳಗೆ ಹೋಗಬೇಕಾಗುತ್ತದೆ.